ಸೋತವರು ಹೊರುವ ಮ್ಯಾಟ್

ಒಬ್ಬ ಮನುಷ್ಯ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುವುದನ್ನು ನೋಡಿದರೆ ಈಗಲೂ ನನಗೆ ರಕ್ತ ತಲೆಗೇರುತ್ತದೆ. ಐವತ್ತು ದಾಟಿದವನಿಗೆ ಇದು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬಿಪಿಗೆ ಮಾತ್ರೆಯನ್ನೂ ಕೊಟ್ಟಿದ್ದಾರೆ. ಮಾತ್ರೆ ನುಂಗಿದ ಮೇಲೆ ಅದು ಗಂಟಲಲ್ಲಿ ಸಿಕ್ಕಿಕೊಂಡಿದೆಯೋ ಎಂದು ಅರ್ಧ ಗಂಟೆ ಚಿಂತಿಸುವ ಜಾತಿ ನನ್ನದು. ಆದರೂ ಆ ಶುಕ್ರವಾರದ ಶೂ ಲೇಸನ್ನು ಕ್ಷಮಿಸಲು ನನ್ನಿಂದ ಆಗಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಸೌದಿಯ ಅಲ್ ಖೋಬರಿನ ಥುಕ್ಬಾದಲ್ಲಿ, ಗ್ಯಾರೇಜುಗಳ ಹಿಂದೆ ಒಂದು ಖಾಲಿ ಜಾಗವಿತ್ತು. ಹುಲ್ಲಿಲ್ಲ, ನೆರಳಿಲ್ಲ, ಬರೀ ಮರಳು. ನಡುವೆ ನಾವೇ ಹಾಕಿಸಿದ ಸಿಮೆಂಟಿನ ಪಟ್ಟಿ, ಅದರ ಮೇಲೆ ಹಾಸಲು ಊರಿಂದ ತರಿಸಿದ ತೆಂಗಿನ ನಾರಿನ ಮ್ಯಾಟ್. ಊರು ಒಂದು, ಮೈದಾನ ಒಂದು, ಮ್ಯಾಟ್ ಒಂದು, ತಂಡ ಮಾತ್ರ ಎರಡು: ಮಂಗಳೂರು ಕಡೆಯ ನಾವು, ಭಟ್ಕಳದ ಅವರು. ನಾವು ನಮ್ಮೊಳಗೆ ಬ್ಯಾರಿ ಮಾತಾಡುತ್ತಿದ್ದೆವು, ಅವರು ಅವರೊಳಗೆ ನವಾಯತಿ. ಜಗಳಕ್ಕೆ ಮಾತ್ರ ಎರಡೂ ಕಡೆಯವರು ಕನ್ನಡಕ್ಕೆ ಬರುತ್ತಿದ್ದೆವು. ಆ ಮರಳುಗಾಡಿನಲ್ಲಿ ಕನ್ನಡ ಉಳಿದದ್ದು ನಮ್ಮ ಬೈಗುಳದಿಂದ ಎಂದು ನಾನು ಗಂಭೀರವಾಗಿಯೇ ನಂಬಿದ್ದೇನೆ.

ನಾನು ಎಸಿ ರಿಪೇರಿಗೆ ಹೋಗುತ್ತಿದ್ದ ಅಮೆರಿಕನ್ನರ ಕಾಂಪೌಂಡಿನಲ್ಲೂ ಎರಡು ಬೇಸ್‌ಬಾಲ್ ತಂಡಗಳಿದ್ದವು. ಆಟದುದ್ದಕ್ಕೂ ಒಬ್ಬರಿಗೊಬ್ಬರು ಕೂಗಾಡಿ, ಮುಗಿದ ಮೇಲೆ ಒಂದೇ ಐಸ್ ಡಬ್ಬಿಯಿಂದ ಸೋಡಾ ತೆಗೆದು ಕುಡಿಯುತ್ತಿದ್ದರು. ನಮ್ಮಲ್ಲಿ ಅಂಥ ದೊಡ್ಡಸ್ತಿಕೆ ಇರಲಿಲ್ಲ. ನಮ್ಮಲ್ಲಿದ್ದದ್ದು ಒಂದು ಕ್ರಮ. ಸೋತ ತಂಡ ಮ್ಯಾಟ್ ಸುತ್ತಿ, ಹೆಗಲ ಮೇಲೆ ಹೊತ್ತು, ಬಜಾರಿನ ನಡುವಿನಿಂದ ನಡೆದು, ಮುಂದಿನ ಶುಕ್ರವಾರದ ತನಕ ತನ್ನ ರೂಮಿನಲ್ಲಿ ಇಟ್ಟುಕೊಳ್ಳಬೇಕು. ಮರಳು ಹೊಕ್ಕ ಆ ಮ್ಯಾಟ್ ಸತ್ತ ಕೋಣದಷ್ಟು ಭಾರ. ಆ ವರ್ಷ ಅದು ನಮ್ಮ ರೂಮು ಬಿಟ್ಟು ಕದಲಿರಲೇ ಇಲ್ಲ.

ನಮ್ಮ ರೂಮು ಎಂದರೆ ನನ್ನದು ಮತ್ತು ನನ್ನ ಗೆಳೆಯನದು. ಅವನು ಅರಬರ ಉದ್ದಂಗಿ ಹೊಲಿಯುವ ಟೈಲರ್. ಎರಡೂ ತಂಡಗಳ ಬಿಳಿ ಪ್ಯಾಂಟು ಒಂದೇ ಥಾನಿನಿಂದ ಕತ್ತರಿಸಿ ಹೊಲಿದವನು ಅವನೇ. ರಾತ್ರಿಯೆಲ್ಲ ಮ್ಯಾಟಿನ ಮರಳು ಅವನ ಮಂಚಕ್ಕೆ ಬರುತ್ತಿತ್ತು, ಅವನು ಕೊಡವಿ ಮಲಗುತ್ತಿದ್ದ. ನಾನೋ, ಅದರೊಳಗೆ ಚೇಳಿರಬಹುದೆಂದು ಟಾರ್ಚು ಹಿಡಿದು ಕೂರುತ್ತಿದ್ದೆ.

ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಅರಬ ಧಣಿ, ಅಂಗಡಿ ಮುಚ್ಚಿದ. ಪಾಸ್‌ಪೋರ್ಟಿಗೆ ಎಕ್ಸಿಟ್ ಮುದ್ರೆ ಹೊಡೆಸಿದ. ಶನಿವಾರ ಬೆಳಿಗ್ಗೆ ವಿಮಾನ, ಮತ್ತೆ ಬರುವ ಮಾತಿಲ್ಲ. ಗುರುವಾರ ಕಾರ್ಟನಿಗೆ ಹಗ್ಗ ಬಿಗಿಯುತ್ತ ಅವನು ಹೇಳಿದ: “ನನಗೆ ಬೇರೆ ಎಂತದೂ ಬೇಡ ಮಾರಾಯ. ಒಂದು ಸಲ, ಒಂದೇ ಸಲ, ಈ ಮ್ಯಾಟ್ ಅವರ ಹೆಗಲ ಮೇಲೆ ಹೋಗುದು ನೋಡಿ ಊರಿಗೆ ಹೋಗ್ಬೇಕು.”

“ನೋಡುವ” ಎಂದೆ ನಾನು. ಸೋತರೆ ಎಂಬ ಚಿಂತೆಯಲ್ಲಿ ಅಂದು ನನಗೆ ಊಟ ಸೇರಲಿಲ್ಲ.

ಶುಕ್ರವಾರ ಅವರು ಮೊದಲು ಆಡಿದರು, ನಾವು ಬೆನ್ನಟ್ಟಿದೆವು. ಆರಂಭಕ್ಕೆ ಇಳಿದ ನಾನು ಸೊನ್ನೆಗೆ ಔಟಾದೆ. ಬ್ಯಾಟಿಂಗ್ ತಂಡದವರೇ ಅಂಪೈರಿಂಗಿಗೆ ನಿಲ್ಲುವುದು ರೂಢಿಯಾದ್ದರಿಂದ, ಬಿಳಿ ಟೋಪಿ ಹಾಕಿ ಬೌಲರನ ಕಡೆಯ ಸ್ಟಂಪಿನ ಹಿಂದೆ ನಿಂತೆ. ಕೊನೆಗೆ ಉಳಿದದ್ದು ಒಂದೇ ವಿಕೆಟ್, ಬೇಕಾದದ್ದು ಮೂರು ರನ್. ಬ್ಯಾಟ್ ಹಿಡಿದು ನಿಂತವನು ನನ್ನ ಟೈಲರ್. ಆಚೆಯ ತುದಿಯಲ್ಲಿ ರನ್ನಿಗೆ ಓಡಲು ನಮ್ಮ ಬೌಲರನೊಬ್ಬ. ಓವರ್ ಇನ್ನೂ ಬಾಕಿ ಇತ್ತು. ಇಲ್ಲದೇ ಇದ್ದದ್ದು ಹೊತ್ತು. ಜುಮಾ ನಮಾಜಿನ ಮೊದಲ ಬಾಂಗ್ ಕೂಗಿದ ಕ್ಷಣ ಆಟ ನಿಲ್ಲಬೇಕು. ಈ ನಿಯಮದಲ್ಲಿ ಎರಡು ಮಾತಿಲ್ಲ.

ಅವರ ಕ್ಯಾಪ್ಟನ್, ಬಜಾರಿನಲ್ಲಿ ಬಟ್ಟೆ ಅಂಗಡಿ ಇದ್ದ ದೊಡ್ಡ ಮನುಷ್ಯ, ತಾವೇ ಚೆಂಡು ತೆಗೆದುಕೊಂಡರು. ಓಡಿ ಬಂದರು, ನಡುವೆ ನಿಂತರು, ಬಗ್ಗಿ ಶೂ ಲೇಸ್ ಕಟ್ಟಿದರು. ವಾಪಸು ಹೋದರು. ಚೆಂಡಿಗೆ ಮರಳು ಹಿಡಿದಿದೆಯೆಂದು ಪ್ಯಾಂಟಿಗೆ ಒರೆಸಿದರು. ದೂರದ ಫೀಲ್ಡರನನ್ನು ಹತ್ತಿರ ಕರೆದರು, ಹತ್ತಿರದವನನ್ನು ದೂರ ಕಳಿಸಿದರು, ಅವನು ಮದುವೆ ಮನೆಗೆ ಹೋಗುವವನಂತೆ ನಿಧಾನಕ್ಕೆ ನಡೆದ. ಮತ್ತೆ ಲೇಸ್, ಈ ಸಲ ಇನ್ನೊಂದು ಕಾಲಿನದು.

“ಭಾಯಿ, ಚೆಂಡು ಹಾಕಿ” ಎಂದೆ.

“ಎಂತ ಅರ್ಜೆಂಟ್ ಮಾರಾಯ? ಬಿದ್ದು ಕಾಲು ಮುರಿದ್ರೆ ನೀನು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀಯಾ?”

“ಹೋಗ್ತೇನೆ. ಮೊದಲು ಚೆಂಡು ಹಾಕಿ.”

ಅವರು ನಗುತ್ತ ನೀರು ಕೇಳಿದರು. ಗಂಟಲು ಒಣಗಿದೆಯಂತೆ. ಕುಡಿದರು, ಕುಡಿದು ಬಾಯಿ ಒರೆಸಿ, ಆಕಾಶ ನೋಡಿದರು. ಬಾಂಗ್ ಕೂಗಿತು. ಚೆಂಡನ್ನು ಜೇಬಿಗೆ ಹಾಕಿ, ಮುಖದಲ್ಲಿ ಭಕ್ತಿ ತಂದುಕೊಂಡು ಹೇಳಿದರು: “ಮುಗೀತು. ಡ್ರಾ.”

ಡ್ರಾ ಆದರೆ ಮ್ಯಾಟ್ ಇದ್ದ ರೂಮಿಗೇ ವಾಪಸು. ಅಂದರೆ ನಮ್ಮ ರೂಮಿಗೆ. ಟೈಲರ್ ಗ್ಲೌಸ್ ಕಳಚಿ, ಮ್ಯಾಟಿನ ತುದಿಯ ಮೊಳೆ ಕೀಳಲು ಕುಳಿತ. ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಮೊಳೆ ಕೀಳುವ ಆ ಕೈಗಳೇ ನನ್ನನ್ನು ಸುಟ್ಟವು.

“ಮುಟ್ಟಬೇಡ” ಎಂದು ಕಿರುಚಿದೆ. “ಮ್ಯಾಟ್ ಇಲ್ಲೇ ಇರ್ಲಿ.”

ಸ್ನಾನ ಮಾಡಿ ಮಸೀದಿಗೆ ಹೋದೆ. ಖುತ್ಬಾದ ಪ್ರವಚನದಲ್ಲಿ ಒಂದು ಅಕ್ಷರವೂ ಕಿವಿಗೆ ಬೀಳಲಿಲ್ಲ, ಅದರ ಪಾಪವೂ ಆ ಕ್ಯಾಪ್ಟನ್ನಿನ ತಲೆಗೇ ಎಂದು ಅಲ್ಲೇ ಕುಳಿತು ತೀರ್ಮಾನಿಸಿದೆ. ಹೊರಗೆ ಬಂದಾಗ ಅವರು ನಾಲ್ಕು ಜನರ ನಡುವೆ ಅತ್ತರಿನ ಘಮದಲ್ಲಿ ನಿಂತಿದ್ದರು. ಗುಂಪು ಸೇರಿದರೆ ಪೊಲೀಸರು ಬಂದಾರು, ವಾಸದ ಪರವಾನಗಿ ಇಕಾಮಾ ರೂಮಿನಲ್ಲಿದೆ, ಸಿಕ್ಕಿಬಿದ್ದರೆ ನನ್ನ ಕಫೀಲ್ ನನಗೂ ಎಕ್ಸಿಟ್ ಹೊಡೆಸಿಯಾನು ಎಂದು ಒಳಗಿನ ಹೇಡಿ ಒಂದೊಂದಾಗಿ ಹೇಳುತ್ತಿದ್ದ. ಬಾಯಿ ಅವನ ಮಾತು ಕೇಳಲಿಲ್ಲ.

“ಭಾಯಿ, ಅವ ನಾಳೆ ಹೋಗ್ತಾ ಇದ್ದಾನೆ. ಬಂದು ಆ ಓವರ್ ಮುಗಿಸಿ.”

“ಮನೆಯಲ್ಲಿ ನೆಂಟರಿದ್ದಾರೆ. ಬಿರಿಯಾನಿ ತಣಿತದೆ. ಬಾಂಗ್ ಆದ ಮೇಲೆ ಆಟ ಉಂಟಾ? ನೀನು ಮುಸಲ್ಮಾನ ಅಲ್ವಾ?”

“ನೀವು ಬಾಂಗಿಗೆ ನಿಂತದ್ದಲ್ಲ ಭಾಯಿ. ಬಾಂಗನ್ನೇ ಫೀಲ್ಡಿಂಗಿಗೆ ನಿಲ್ಲಿಸಿಕೊಂಡದ್ದು.”

ಕ್ಯಾಪ್ಟನ್ನಿನ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು. ಇನ್ನು ಬಡಿಯುತ್ತಾರೆ ಎಂದು ನಾನು ಕನ್ನಡಕ ತೆಗೆದು ಜೇಬಿಗಿಟ್ಟೆ. ಅವರು ಬಡಿಯಲಿಲ್ಲ.

“ನಡಿ” ಎಂದರು. “ನಿನ್ನ ಟೈಲರನನ್ನು ಕರಿ.”

ಟೈಲರ್ ಲುಂಗಿಯಲ್ಲಿ ಬಂದ, ಪ್ಯಾಂಟು ಕಾರ್ಟನಿನಲ್ಲಿ ಪ್ಯಾಕ್ ಆಗಿತ್ತು. ಕ್ಯಾಪ್ಟನ್ ನಮಾಜಿನ ಬಿಳಿ ಜುಬ್ಬಾದಲ್ಲಿ. ಎರಡೂ ತಂಡದವರು ಹಸಿದ ಹೊಟ್ಟೆಯಲ್ಲಿ ಗೊಣಗುತ್ತ ತಮ್ಮ ತಮ್ಮ ಜಾಗದಲ್ಲಿ ನಿಂತರು. ಬಿಸಿಲಿಗೆ ಮ್ಯಾಟಿನಿಂದ ಸುಟ್ಟ ನಾರಿನ ವಾಸನೆ ಬರುತ್ತಿತ್ತು. ಯಾರಾದರೂ ತಲೆಸುತ್ತಿ ಬಿದ್ದರೆ ಅದಕ್ಕೂ ನಾನೇ ಹೊಣೆ ಎಂದುಕೊಂಡು ಮತ್ತೆ ಅಂಪೈರ್ ಜಾಗದಲ್ಲಿ ನಿಂತೆ.

ಮೊದಲ ಚೆಂಡು. ಕ್ಯಾಪ್ಟನ್ ಎರಡು ಹೆಜ್ಜೆ ಬಂದು, ಸೊಂಟದ ಮಟ್ಟಕ್ಕೆ ಮೆತ್ತಗೆ, ಹಣ್ಣು ಎಸೆದ ಹಾಗೆ ಒಂದು ಫುಲ್‌ಟಾಸ್ ಹಾಕಿದರು. ಕಣ್ಣು ಮುಚ್ಚಿ ಬೀಸಿದರೂ ಬೌಂಡರಿ.

ಟೈಲರ್ ಬ್ಯಾಟ್ ಎತ್ತಿ ಅದನ್ನು ಬಿಟ್ಟುಬಿಟ್ಟ. ಕೀಪರನ ಕೈಗೆ ಹೋಯಿತು. ಪಿಚ್ಚಿನ ನಡುವಿನ ತನಕ ನಡೆದು ಬಂದ.

“ಭಾಯಿ, ಇದೆಂತ, ಸದಕಾವಾ? ದಾನ ನನಗೆ ಬೇಡ. ಬೆಳಿಗ್ಗೆ ಹಾಕ್ತಾ ಇದ್ದ ಹಾಗೆ ಹಾಕಿ.”

“ಬೆಳಿಗ್ಗೆ ನಾನು ಹಾಕಲೇ ಇಲ್ಲವಲ್ಲ ಮಾರಾಯ!”

ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ಟೈಲರ್ ಎಲ್ಲರಿಗಿಂತ ಜೋರಾಗಿ ನಕ್ಕ. ನಗದವನು ನಾನೊಬ್ಬ. ಆಗ ನನ್ನ ಕೋಪ ಕ್ಯಾಪ್ಟನ್ನಿನ ಮೇಲಿರಲಿಲ್ಲ, ಆ ಲುಂಗಿಯವನ ಮೇಲಿತ್ತು. ಇಕಾಮಾ ಇಲ್ಲದೆ, ಊಟ ಇಲ್ಲದೆ, ಮಸೀದಿ ಮುಂದೆ ಮಾನ ಹರಾಜಿಗಿಟ್ಟು ನಾನು ಆಟ ವಾಪಸು ತಂದದ್ದು ಇವನ ಮರ್ಯಾದೆ ನೋಡಲಿಕ್ಕಾ?

ಎರಡನೆಯ ಚೆಂಡಿಗೆ ಕ್ಯಾಪ್ಟನ್ ಜುಬ್ಬಾದ ಅಂಚು ಸೊಂಟಕ್ಕೆ ಸಿಕ್ಕಿಸಿ ಪೂರ್ತಿ ಓಡಿ ಬಂದರು. ಚೆಂಡು ಮ್ಯಾಟಿಗೆ ಬಿದ್ದು ಒಳಗೆ ತಿರುಗಿತು. ಟೈಲರ್ ಬೀಸಿದ. ಅವನ ಹಿಂದಿನಿಂದ ಸ್ಟಂಪು ಹಾರಿದ ಸದ್ದು ಬಂತು. ಬೌಲ್ಡ್ ಆದವನಿಗೆ ಬೆರಳೆತ್ತುವ ಅಗತ್ಯವೂ ಇಲ್ಲ, ನನ್ನ ಕೈ ಸುಮ್ಮನೆ ನೇತಾಡುತ್ತಿತ್ತು.

ಡ್ರಾ ಆಗಿದ್ದ ಪಂದ್ಯವನ್ನು ಹೋರಾಡಿ ಸೋತ ತಂಡ ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು.

ಕ್ಯಾಪ್ಟನ್ ತಾವಾಗಿ ಬಂದು ಮ್ಯಾಟಿನ ಒಂದು ತುದಿ ಹಿಡಿದರು. “ಬೇಡ ಭಾಯಿ, ಕ್ರಮ ಕ್ರಮವೇ” ಎಂದು ಟೈಲರ್ ಅವರ ಕೈ ಬಿಡಿಸಿದ. ಮುಂದಿನ ತುದಿ ಅವನ ಹೆಗಲಿಗೆ, ಹಿಂದಿನದು ನನ್ನದಕ್ಕೆ. ಬಜಾರಿನುದ್ದಕ್ಕೂ ಅವನು ಯಾವುದೋ ಹಾಡು ಗುನುಗುತ್ತ ನಡೆದ. ನಾನು ಅವನ ಬೆನ್ನಿಗೆ ಬೈಯುತ್ತ ನಡೆದೆ.

ಶನಿವಾರ ಬೆಳಿಗ್ಗೆ ಟ್ಯಾಕ್ಸಿ ಬಂತು. ಕಾರ್ಟನ್ ಡಿಕ್ಕಿಗೆ ಹಾಕಿ ಅವನು ನನ್ನನ್ನು ತಬ್ಬಿಕೊಂಡ. ಏನಾದರೂ ಒಳ್ಳೆಯ ಮಾತು ಹೇಳಬೇಕಿತ್ತು.

“ಹೊಡೀಬಹುದಿತ್ತು” ಎಂದೆ.

“ಮ್ಯಾಟ್ ಬಿಸಿಲಿಗೆ ಹಾಕು ಮಾರಾಯ, ನಾರು ಹಾಳಾಗ್ತದೆ” ಎಂದ ಅವನು, ಕಿಟಕಿಯ ಗಾಜು ಏರಿಸುತ್ತ.

ನಾನು ಹಾಕಲಿಲ್ಲ. ಒಳಗೆ ಹೋಗಿ, ಒಬ್ಬನೇ ಏದುಸಿರು ಬಿಡುತ್ತ ಆ ದರಿದ್ರ ಮ್ಯಾಟನ್ನು ಎಳೆದು ಅವನ ಮಂಚದ ಮೇಲೆ ಮಲಗಿಸಿದೆ. ಮಂಚ ಖಾಲಿ ಇತ್ತಲ್ಲ. ಮರಳು ಚಾದರದ ತುಂಬ ಚೆಲ್ಲಿತು. ಕೊಡವಲು ಅವನಿರಲಿಲ್ಲ, ನನಗೆ ಮನಸ್ಸಿರಲಿಲ್ಲ.

ಆ ಚೆಂಡು ಸೊಂಟದ ಮಟ್ಟಕ್ಕೆ ಬಂದಿತ್ತು, ಮಾರಾಯ. ಮೆತ್ತಗೆ ಬಂದಿತ್ತು.