ತುದಿಯ ಒಲೆಗೆ ಹಾಕಿದ ಲೆಕ್ಕ

ಪೈಪಿನಲ್ಲಿ ಹರಿಯುವ ಗ್ಯಾಸು ತುದಿ ಮುಟ್ಟುವಷ್ಟರಲ್ಲಿ ಎಷ್ಟು ಒತ್ತಡ ಕಳೆದುಕೊಳ್ಳುತ್ತದೆ ಎಂದು ಹೇಳಲು ಒಂದೇ ಸಮೀಕರಣ ಇದೆಯೆಂದು ಜನ ತಿಳಿದಿದ್ದಾರೆ. ನಮ್ಮ ಹೊಸಪೇಟೆಯ ಗ್ಯಾಸ್ ಕಂಪನಿ ಆಫೀಸಿನಲ್ಲಿ ಎರಡನ್ನು ಬಳಸುತ್ತಿದ್ದೆವು. ಒಂದು ಹಳೆಯದು, ಸಣ್ಣ ಪೈಪಿಗೆ ಹೊಂದುವಂಥದ್ದು. ಅದು ನಷ್ಟವನ್ನು ತುಸು ಹೆಚ್ಚಾಗಿಯೇ ಹೇಳುತ್ತದೆ, ಆದರೆ ಮೋಸ ಮಾಡುವುದಿಲ್ಲ. ಇನ್ನೊಂದು ಜಿಲ್ಲೆ ದಾಟಿ ಹೋಗುವ ದೊಡ್ಡ ಲೈನುಗಳಿಗೆ ಮಾಡಿದ್ದು. ಅದನ್ನು ತಂದು ಸಣ್ಣ ಪೈಪಿಗೆ ಹಾಕಿದರೆ ಒತ್ತಡ ಅಷ್ಟೇನೂ ಕುಸಿಯುವುದಿಲ್ಲ ಎಂಬ ಸವಿಯಾದ ಉತ್ತರ ಬರುತ್ತದೆ.

ಮರಿಯಮ್ಮನಹಳ್ಳಿಗೆ ಲೈನ್ ಎಳೆಯುವಾಗ ನಾನು ಹಳೆಯದನ್ನೇ ಹಾಕಿದೆ. ನಾಲ್ಕಿಂಚು ಸಾಲದು, ಆರಿಂಚು ಬೇಕು ಎಂದು ಬಂತು. ಸಂಡೂರು ರಸ್ತೆಯ ನಮ್ಮ ಯಾರ್ಡಿನಲ್ಲಿ ಹಿಂದಿನ ಕೆಲಸದ ನಾಲ್ಕಿಂಚಿನ ಪೈಪುಗಳು ಅದಿರಿನ ಕೆಂಪು ಧೂಳು ಹೊದ್ದು ರಾಶಿ ಬಿದ್ದಿದ್ದವು.

"ಇನ್ನೊಂದು ಸಮೀಕರಣ ಐತಲ್ರಿ, ಅದನ್ನ ಹಾಕ್ರಿ," ಎಂದರು ನಮ್ಮ ಸಾಹೇಬರು.

"ಅದು ದೊಡ್ಡ ಲೈನಿಂದು ಸರ್. ಇದಕ್ಕ ಹೊಂದಂಗಿಲ್ಲ."

"ಪುಸ್ತಕದಾಗ ಐತಿಲ್ಲ? ಯಾವುದು ಪಾಸಾಗ್ತದ ಅದನ್ನ ಹಾಕ್ರಿ. ಸುಮ್ನ ತಲಿ ತಿನ್ನಬ್ಯಾಡ್ರಿ."

ಹಾಕಿದೆ. ನಾಲ್ಕಿಂಚು ಪಾಸಾಯಿತು, ನಾನು ಸಹಿ ಮಾಡಿದೆ. ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನ ಕ್ವಾರ್ಟರ್ಸ್‌ನಲ್ಲಿ ಬೆಳೆದವನು ನಾನು. ಕಾಗದದಲ್ಲಿ ತುದಿಯವರೆಗೂ ಹರಿದ ನೀರು ತುದಿಯವರ ಗದ್ದೆಗೆ ಮುಟ್ಟದೆ ಹೋದದ್ದನ್ನು ಊಟದ ಹೊತ್ತಿನಲ್ಲಿ ಅಪ್ಪನ ಬಾಯಿಂದ ಕೇಳಿಯೇ ದೊಡ್ಡವನಾದೆ. ಆದರೂ ಹಗಲು ಕಂಡ ಬಾವಿಗೆ ಇರುಳು ಬಿದ್ದೆ. ಹೇಡಿತನ ಎನ್ನದೆ ಅದಕ್ಕೆ ಬೇರೆ ಹೆಸರಿಲ್ಲ.

ಆ ಲೈನಿನ ಕಟ್ಟಕಡೆಯ ಒಲೆ ನನ್ನ ಚಿಕ್ಕಮ್ಮನದು. ಲಾರಿ ಡ್ರೈವರುಗಳಿಗೆ ಜೋಳದ ರೊಟ್ಟಿ ಹಾಕುವ ಖಾನಾವಳಿ. ಹೊಗೆ ಕುಡಿದೂ ಕುಡಿದೂ ಅವಳ ಎದೆ ಹಾಳಾಗಿತ್ತು, ಸೌದೆ ಒಲೆಯ ಮುಂದೆ ಕೂರಲೇಬೇಡಿ ಎಂದು ಡಾಕ್ಟರು ಹೇಳಿದ್ದರು. "ಪೈಪ್ ಬರ್ತೈತಿ, ಇನ್ನ ಒಲಿ ಕೆಡವು," ಎಂದವನು ನಾನೇ. ನನ್ನ ಮಾತಿನ ಮೇಲೆ ಕೆಡವಿದಳು. ಹೊಸ ಬರ್ನರಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು.

ಮೊದಮೊದಲು ಉರಿ ಚೆನ್ನಾಗಿಯೇ ಇತ್ತು. ಮನೆಮನೆಗೆ ಕನೆಕ್ಷನ್ ಹೆಚ್ಚಿದಂತೆ, ದಾರಿಯ ಮನೆಗಳೆಲ್ಲ ಚಹಾ ಕಾಸುವ ಹೊತ್ತಿಗೆ ಅವಳ ಬರ್ನರು ದೀಪದ ಕುಡಿಯಾಯಿತು. ಅವಳು ರೊಟ್ಟಿ ಬಡಿಯುವ ಹೊತ್ತೂ ಅದೇ. ಹಂಚು ಕಾಯದೆ ರೊಟ್ಟಿ ಉಬ್ಬಲಿಲ್ಲ, ಡ್ರೈವರುಗಳು ಮುಂದಿನ ಖಾನಾವಳಿ ಹುಡುಕಿಕೊಂಡರು. ದೂರು ಕೊಟ್ಟರೆ ನಮ್ಮ ಆಫೀಸು ನನ್ನದೇ ಲೆಕ್ಕದ ಹಾಳೆ ತೋರಿಸಿ, ಒತ್ತಡ ಸರಿಯಾಗಿಯೇ ಇದೆ ಎಂದು ಬರೆದು ಕಳಿಸಿತು. ಚಿಕ್ಕಮ್ಮ ಹಿತ್ತಲಲ್ಲಿ ಮತ್ತೆ ಮಣ್ಣಿನ ಒಲೆ ಹಾಕಿದಳು.

ಮೊನ್ನೆ ಹೋದಾಗ ಅಲ್ಲೇ ಕೂತು ಕೆಮ್ಮುತ್ತ ರೊಟ್ಟಿ ಬಡಿಯುತ್ತಿದ್ದಳು. ಉಣ್ಣುತ್ತಿದ್ದ ಡ್ರೈವರನಿಗೆ ನನ್ನನ್ನು ತೋರಿಸಿ, "ಈ ಗ್ಯಾಸಿನ ಲೆಕ್ಕ ಎಲ್ಲಾ ನಮ್ಮ ಹುಡುಗನೇ ಹಾಕಿದ್ದು," ಎಂದಳು.

"ಮತ್ತ ಉರಿ ಯಾಕ ಬರವಲ್ದು?" ಎಂದು ಅವನು ನಕ್ಕ.

ಚಿಕ್ಕಮ್ಮನಿಗೆ ಸಿಟ್ಟು ಬಂತು. "ಇವನ ಲೆಕ್ಕ ಎಂದೂ ತಪ್ಪಂಗಿಲ್ಲ. ಪೈಪ್ ಹುಗಿದೋರು ಕಳ್ರು."

ಪೈಪು ಹೂಳಿದವರು ನಾನು ಕೊಟ್ಟ ಹಾಳೆಯಂತೆಯೇ ಹೂಳಿದ್ದರು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. "ಉಬ್ಬೈತಿ ನೋಡು, ಆರೂದಕ್ಕಿಂತ ಮುಂಚೆ ತಿನ್ನು," ಎಂದಳು.

ತಿಂದೆ.