ಉಂಡು ಆಡಿದ ಕಬಡ್ಡಿ

ನಮ್ಮ ಕಾಲದ ಹುಡುಗರ ಕಬಡ್ಡಿಗೆ ವಯಸ್ಸಿನ ಲೆಕ್ಕ ಇರಲಿಲ್ಲ, ತೂಕದ ಲೆಕ್ಕ ಇತ್ತು. ಹುಟ್ಟಿದ ತಾರೀಖು ಯಾರಿಗೆ ಸರಿಯಾಗಿ ಗೊತ್ತಿತ್ತು? ತಕ್ಕಡಿಯಾದರೆ ಯಾರ ಮುಖವನ್ನೂ ನೋಡುವುದಿಲ್ಲ ಎಂದು ದೊಡ್ಡವರು ನಂಬಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿಯ ಯುವಕರು ಸುತ್ತಲಿನ ತಾಲ್ಲೂಕುಗಳ ತಂಡಗಳನ್ನು ಕರೆದು ಪಂದ್ಯಾವಳಿ ಇಟ್ಟಾಗ, ಜಗಳೂರು ಕಡೆಯ ಸೊಕ್ಕೆಯಿಂದ ನಾವು ಏಳು ಹುಡುಗರು ಮತ್ತು ನಮ್ಮ ಡ್ರಿಲ್ ಮೇಷ್ಟ್ರು ಹೋದೆವು.

ಏಳು ಜನ ಎಂದರೂ ನಂಬಿಕೆ ಇದ್ದದ್ದು ಒಬ್ಬನ ಮೇಲೆ. ಅವನು ಬಡಗಿಯ ಮಗ, ನಮ್ಮ ಪಕ್ಕದ ಮನೆಯವನು. ಉಸಿರು ಹಿಡಿದು ಎದುರಾಳಿಗಳ ಅಂಕಣಕ್ಕೆ ನುಗ್ಗಿದನೆಂದರೆ ಒಬ್ಬನನ್ನಾದರೂ ಮುಟ್ಟದೆ ವಾಪಸ್ ಬಂದವನಲ್ಲ. ಕ್ರೀಡಾ ಹಾಸ್ಟೆಲ್ಲಿಗೆ ಹುಡುಗರನ್ನು ಆರಿಸುವವರೊಬ್ಬರು ಚನ್ನಗಿರಿಗೆ ಬರುತ್ತಾರೆಂದು ಸುದ್ದಿ ಇತ್ತು. ಅಲ್ಲಿ ಸೇರಿದರೆ ಊಟ, ಬಟ್ಟೆ, ಓದು ಎಲ್ಲ ಸರ್ಕಾರದ್ದು. ಅವನ ಅಪ್ಪ ಖಡಾಖಂಡಿತವಾಗಿ ಹೇಳಿದ್ದ: "ಹಾಸ್ಟೆಲ್ ಸಿಕ್ರೆ ಓದು. ಇಲ್ಲಾಂದ್ರೆ ಶಾಲೆ ಬಿಟ್ಟು ನನ್ ಜೊತೆ ಕೆಲ್ಸಕ್ಕೆ ಬಾ. ಒಬ್ಬನ ಕೈಲಿ ಆಗಾಕಿಲ್ಲ ನಂಗೆ."

ತೊಡಕೆಂದರೆ ಗೊತ್ತುಮಾಡಿದ ಮಿತಿಗಿಂತ ಅವನ ತೂಕ ಚೂರು ಹೆಚ್ಚಿತ್ತು. ಹಿಂದಿನ ದಿನವೆಲ್ಲ ನಿಂಬೆಹಣ್ಣಿನ ನೀರು ಬಿಟ್ಟು ಅವನು ಏನನ್ನೂ ಮುಟ್ಟಲಿಲ್ಲ. ಬಿಸಿಲಲ್ಲಿ ಕಂಬಳಿ ಹೊದ್ದುಕೊಂಡು ಓಡಿದ. ಅವನೊಬ್ಬನೇ ಉಪವಾಸ ಇರುವುದನ್ನು ನೋಡಲಾರದೆ ನಾವೂ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಮೂಟೆ ತೂಗುವ ತಕ್ಕಡಿಯ ಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿದರು. ಅವನ ಸರದಿ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. "ಸರಿ ಐತೆ, ಇಳಿಯಪ್ಪ" ಎಂಬ ಮಾತು ಕೇಳಿದ ಮೇಲೆಯೇ ಬಿಟ್ಟಿದ್ದು.

ಬಂದ ತಂಡಗಳಿಗೆ ಊರಿನ ಒಂದೊಂದು ಮನೆಯಲ್ಲಿ ಊಟ ಎಂದು ಗೊತ್ತುಮಾಡಿದ್ದರು. ನಮಗೆ ಸಿಕ್ಕಿದ್ದು ಅಡಿಕೆ ವ್ಯಾಪಾರಿಯೊಬ್ಬರ ಮನೆ. ನಮ್ಮ ಪಂದ್ಯ ಸಂಜೆಗೆ, ಎದುರಾಳಿ ಹೊನ್ನಾಳಿ. ಹೊತ್ತಿದೆ ಎಂದು ನಿಶ್ಚಿಂತೆಯಿಂದ ಎಲೆಯ ಮುಂದೆ ಕೂತೆವು. ಹೋಳಿಗೆ ಬಂತು, ಅದರ ಮೇಲೆ ತುಪ್ಪ ಬಂತು. ನಮ್ಮ ಬತ್ತಿದ ಮುಖ ನೋಡಿ ಮನೆಯೊಡತಿಗೆ ಕರುಳು ಚುರುಕ್ ಎಂದಿರಬೇಕು. "ಎಷ್ಟು ಸೊರಗ್ಯಾವಲ್ರೀ ಮಕ್ಕಳು! ಹಾಕಿಸ್ಕೊಳ್ರಪ್ಪಾ, ನಾಚ್ಕಾಬ್ಯಾಡ್ರಿ" ಎಂದು ತಾವೇ ಬಡಿಸಲು ನಿಂತರು. ಎಲೆ ಖಾಲಿಯಾದರೆ ಇನ್ನೊಂದು ಹೋಳಿಗೆ ಬೀಳುತ್ತಿತ್ತು. ಬಿಟ್ಟರೆ, "ಯಾಕ್ರೀ, ಚೆನ್ನಾಗಿಲ್ಲೇನು?" ಎಂದು ಆ ತಾಯಿಯ ಮುಖ ಬಾಡುತ್ತಿತ್ತು. ಮೇಷ್ಟ್ರ ಕಡೆ ನೋಡಿದೆ. ಅವರ ಎಲೆಯಲ್ಲಿ ನಮ್ಮದಕ್ಕಿಂತ ದೊಡ್ಡ ರಾಶಿ ಇತ್ತು. "ಮನೆಯವರ ಮನಸ್ಸು ನೋಯಿಸಬ್ಯಾಡ್ರಿ, ಉಣ್ರಿ" ಎಂದು ಪಿಸುಗುಟ್ಟಿದರು ಬಡಪಾಯಿ.

ಮಜ್ಜಿಗೆ ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಪಂದ್ಯಾವಳಿ ನಡೆಸುವವರ ಕಡೆಯ ಒಬ್ಬ ಏದುಸಿರು ಬಿಡುತ್ತ ನಿಂತಿದ್ದ. ನ್ಯಾಮತಿಯವರ ಬಸ್ಸು ಕೆಟ್ಟು ನಿಂತಿತ್ತು, ಅವರ ಆಟದ ಹೊತ್ತಿಗೆ ನಮ್ಮ ಆಟ. "ಈಗ್ಲೇ ಬರ್ಬೇಕ್ರೀ. ಹಾಸ್ಟೆಲ್ ಸಾಹೇಬ್ರು ಸಂಜೆತನಕ ಇರಲ್ಲಂತೆ, ಮೂರು ಗಂಟೆ ಬಸ್ಸಿಗೆ ಹೊಂಟು ಬಿಡ್ತಾರೆ." ಮೇಷ್ಟ್ರು ಗೋಗರೆದರು. ಅವನು ಮೈದಾನದ ಕಡೆ ಕೈ ತೋರಿಸಿದ, ಅಷ್ಟೇ.

ಆ ಆಟವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಬಗ್ಗಿದರೆ ಹೋಳಿಗೆ ಗಂಟಲಿಗೆ ಬರುತ್ತಿತ್ತು. ಹೊನ್ನಾಳಿಯವರು ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ಹೋದರು. ಕೊನೆಗೆ ನಾನೂ ಔಟಾದೆ. ಒಳಗೆ ಉಳಿದವನು ಅವನೊಬ್ಬನೇ. ಔಟಾದವರು ಗೆರೆಯಾಚೆ ಕೂರಬೇಕು. ಒಳಗಿದ್ದವನು ಎದುರಾಳಿಯನ್ನು ಮುಟ್ಟಿ ಬಂದರೆ ಮೊದಲು ಔಟಾದವನಿಗೆ ಮೊದಲು ಜೀವ. ಅವನು ಆ ಹೊಟ್ಟೆಯಲ್ಲೇ ನುಗ್ಗಿ ಒಬ್ಬನನ್ನು ಮುಟ್ಟಿ ಬಂದ. ಒಳಗೆ ಹೋದ ನಮ್ಮವನು ಮರುಕ್ಷಣವೇ ಔಟಾಗಿ ನನ್ನ ಪಕ್ಕ ಬಂದು ಕೂತ. ಗೆಳೆಯ ಮತ್ತೆ ನುಗ್ಗಿದ, ಮತ್ತೆ ಒಬ್ಬನನ್ನು ಬದುಕಿಸಿದ, ಹಾಗೆ ಬದುಕಿದವನೂ ಔಟಾಗಿ ಬಂದು ಕೂತ. ನನ್ನ ಸರದಿ ಬರಲೇ ಇಲ್ಲ. ನಾನು ಕೂತಲ್ಲಿಂದಲೇ ಅವನ ಹೆಸರು ಹಿಡಿದು ಕೂಗಿದೆ, ಮಣ್ಣು ಪರಚಿದೆ. ಅದರಿಂದ ಅವನಿಗೇನಾಗಬೇಕು? ಕೊನೆಯ ಸಲ ಇಬ್ಬರನ್ನು ಮುಟ್ಟಿ ತಿರುಗಿದ. ನಾಲ್ವರು ಸರಪಳಿ ಕಟ್ಟಿ ಅವನ ಮೇಲೆ ಬಿದ್ದರು. ಅವರನ್ನೂ ಎಳೆದುಕೊಂಡು ಮಧ್ಯಗೆರೆಯತ್ತ ತೆವಳಿದ. ಇನ್ನು ಒಂದು ಗೇಣು ಇತ್ತು, ಉಸಿರು ಕಟ್ಟಾಯಿತು. ಜನ ಶಿಳ್ಳೆ ಹೊಡೆದರು, ಅವನು ಎದ್ದು ಮೈದಾನದ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ.

ಹಾಸ್ಟೆಲ್ಲಿನವರು ಹೊನ್ನಾಳಿಯ ಇಬ್ಬರನ್ನು ಆರಿಸಿದರು. ನಮ್ಮ ಮೇಷ್ಟ್ರಿಗೆ, "ಹುಡುಗ ಚುರುಕಿದಾನ್ರೀ, ಆದ್ರೆ ದಮ್ಮು ಸಾಲ್ದು" ಎಂದು ಹೇಳಿ ಬಸ್ಸು ಹತ್ತಿದರು. ಮೇಷ್ಟ್ರು ಊಟದ ಸಂಗತಿ ಹೇಳಲು ಕಿಟಕಿಯ ಜೊತೆ ಅಷ್ಟು ದೂರ ಓಡಿದರು. ಬಸ್ಸಿನ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ.

ಸೊಕ್ಕೆಗೆ ಬಂದಾಗ ಅವನ ಅಪ್ಪ ಮನೆ ಮುಂದೆ ದೊಡ್ಡ ದಿಮ್ಮಿಯೊಂದನ್ನು ಕೊಯ್ಯಲು ಅಣಿ ಮಾಡುತ್ತಿದ್ದ. ಮಗನ ಮುಖ ನೋಡುತ್ತಲೇ ಸುದ್ದಿ ಗೊತ್ತಾಯಿತು. ಅವನನ್ನು ಏನೂ ಕೇಳದೆ ನನ್ನ ಕಡೆ ತಿರುಗಿದ. "ನೀನು ಹೇಳು. ಹೆಂಗಾಡ್ದ ಇವ್ನು?"

ಗೆಳೆಯನ ಮಾನ ಉಳಿಸುವ ಒಂದು ಮಾತಾದರೂ ನನ್ನ ಬಾಯಲ್ಲಿದೆಯಲ್ಲ ಎಂದು ನನಗೆ ಖುಷಿಯೇ ಆಯಿತು. "ಬಾಳ ಚಲೋ ಆಡ್ದ. ನಾವೆಲ್ಲ ಔಟಾದ್ರೂ ಒಬ್ನೇ ಆಡ್ದ. ಅವ್ನಂಗೆ ಯಾರೂ ಆಡ್ಲಿಲ್ಲ" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಪ್ಪ ದಿಮ್ಮಿ ಉರುಳದಂತೆ ಅದರ ಕೆಳಗೆ ಒಂದು ಕಲ್ಲು ಒತ್ತರಿಸಿದ. "ಕೆಟ್ಟದಾಗಿ ಆಡಿದ್ದ ಅಂದಿದ್ರೆ ಇನ್ನೊಂದು ವರ್ಷ ಕಲೀಲಿ ಅಂತ ಬಿಡ್ತಿದ್ದೆ. ಇಷ್ಟು ಚಲೋ ಆಡೀನೂ ತಗಳ್ಳಲಿಲ್ಲ ಅಂದ್ಮ್ಯಾಲೆ, ಇನ್ನೇನು ಕಲಿಯಾಕೆ ಐತೆ ಅದ್ರಾಗೆ?"

ನಾನು ಹೋಳಿಗೆಯ ವಿಷಯ ತೆಗೆದೆ. "ಉಂಬಾಕೆ ಇಕ್ಕಿದವರನ್ನ ಬೈಬ್ಯಾಡ" ಎಂದು ಅಪ್ಪ ನನ್ನನ್ನು ಗದರಿದ. ಆಮೇಲೆ ಉದ್ದ ಗರಗಸದ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದು ತುದಿಯನ್ನು ಮಗನ ಕಡೆ ಚಾಚಿದ. ಅವನು ನನ್ನ ಮುಖ ನೋಡಲಿಲ್ಲ. ಅಂಗಿ ಬಿಚ್ಚಿ ಕಟ್ಟೆಯ ಮೇಲಿಟ್ಟು, ಹೋಗಿ ಹಿಡಿದುಕೊಂಡ.