ನೀಲಿ ಚುಕ್ಕೆಯ ಮರಿಗಳು

ಅಮ್ಮ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವಳ ತಾಳ್ಮೆಯ ಬಗ್ಗೆ ಮಾತಾಡಿದರು. ನನಗೆ ಮಾತ್ರ ಬರೋಡದ ರೈಲ್ವೆ ಕ್ವಾರ್ಟರ್ಸಿನ ಹಿತ್ತಲು ಕಣ್ಣ ಮುಂದೆ ಬರುತ್ತಿತ್ತು. ಅಲ್ಲಿ ಒಂದು ಬುಟ್ಟಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ ಅಮ್ಮನ ಬೆನ್ನು.

ಅವು ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು. ಮಂಡ್ಯದ ಕಡೆಯ ಹಳ್ಳಿಯಿಂದ ಬಂದ ಅಮ್ಮನಿಗೆ ಗುಜರಾತಿಯೂ ಇಲ್ಲ, ಹಿಂದಿಯೂ ಇಲ್ಲ. ಮೊದಲ ವರ್ಷ ಅವಳು ಮಾತಾಡಿದ್ದು ನಮ್ಮ ಜೊತೆ, ಬಿಟ್ಟರೆ ಊರಿಂದ ತಂದ ಕೋಳಿಗಳ ಜೊತೆ. ಮುಂದಿನ ಬೀದಿಯ ಹೆಂಗಸರು ಕೋಳಿ, ಮೊಟ್ಟೆ ಎಂದರೆ ಮುಖ ತಿರುಗಿಸುತ್ತಿದ್ದರು. ಅಮ್ಮ ನಲ್ಲಿಯ ಹತ್ತಿರ ಹೋದರೆ, 'ಮರಘಾಂವಾಳಿ ಬಂದಳು' ಎಂದು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಕೋಳಿಯವಳು ಎಂದು ಅದರ ಅರ್ಥ. ಅಮ್ಮ ಕಲಿತ ಮೊದಲ ಗುಜರಾತಿ ಮಾತು ಅದೇ.

ಹಿಂದಿನ ಸಾಲಿನ ಮನೆಗಳು ಹಾಗಿರಲಿಲ್ಲ. ಅಲ್ಲಿ ಎಂಜಿನ್ ಡ್ರೈವರರ ಹೆಂಡತಿ ಒಬ್ಬಳಿದ್ದಳು. ದಪ್ಪ ದನಿ, ಬಾಯಲ್ಲಿ ಸದಾ ಎಲೆ. ಒಂದು ದಿನ ಬೇಲಿಯ ಆಚೆಯಿಂದ ನಮ್ಮ ಕೋಳಿ ತೋರಿಸಿ, ಬೆರಳುಗಳಲ್ಲೇ ಮೊಟ್ಟೆಯ ಆಕಾರ ಮಾಡಿ, ಕಾವಿಗೆ ಇಡಲು ಬೇಕು ಎಂದು ಕೇಳಿದಳು. ಅಮ್ಮ ಸೆರಗಿನ ತುಂಬ ಮೊಟ್ಟೆ ಕೊಟ್ಟಳು. ಅಲ್ಲಿಂದ ಅಮ್ಮನ ಬಾಯಿ ಬಿಚ್ಚಿತು. ಸಂಜೆ ಹಿಂದಿನ ಸಾಲಿನ ಕಟ್ಟೆಯಲ್ಲಿ ಅವಳಿಗೂ ಒಂದು ಜಾಗವಾಯಿತು. ಅವಳು ಮುರುಕು ಹಿಂದಿಯಲ್ಲಿ ಏನಾದರೂ ಹೇಳಿದರೆ ಅವರೆಲ್ಲ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮನೆಯೊಳಗೆ ಅವಳು ಅಷ್ಟು ನಕ್ಕಿದ್ದು ನಾನು ಕಂಡಿಲ್ಲ.

ಆ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂತು. ಕೋಳಿಗಳು ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತಾ ಒಂದೊಂದಾಗಿ ಬಿದ್ದವು. ಉಳಿದದ್ದು ಅಮ್ಮನ ಒಂದು ಹೇಟೆ, ಡ್ರೈವರರ ಮನೆಯ ಒಂದು ಹುಂಜ. ಮಳೆ ಮುಗಿದ ಮೇಲೆ ಆ ಹೇಟೆಯ ಮೊಟ್ಟೆಗಳನ್ನೇ ಅಮ್ಮ ಮನೆಮನೆಗೆ ಹಂಚಿದಳು. ಕಾವಿಗೆ ಕೂರಿಸಲು ಹೊರಗಿನಿಂದ ಹೇಟೆಗಳನ್ನು ತಂದರು. ಎಲ್ಲರ ಹಿತ್ತಲಲ್ಲೂ ಮತ್ತೆ ಮರಿ ಓಡಾಡಿದವು. 'ಈ ಸಲ ಸಾಯಬಾರದು ಕಣೆ' ಎಂದು ಅಮ್ಮ ನನಗೆ ಹೇಳಿದಳು. ಮರಿ ಸತ್ತರೆ ಕಟ್ಟೆಯ ಸಂಜೆಗಳೂ ಹೋಗುತ್ತವೆ ಎಂಬ ಭಯ ಅವಳಿಗಿತ್ತು. ನನಗೆ ಆಗಲೇ ಅದು ಗೊತ್ತಾಗುತ್ತಿತ್ತು.

ದನದ ಆಸ್ಪತ್ರೆಯಲ್ಲಿ ಲಸಿಕೆ ಇದೆ ಎಂದು ತಿಳಿದು ನಾವಿಬ್ಬರೂ ಹೋದೆವು. ಕಾಂಪೌಂಡರ್ ಕೇಳಿದ, 'ಎಷ್ಟು ಮರಿ?' ನಾನು ಹೇಳಿದೆ. ಅವನು ನಕ್ಕು, ಅಲ್ಲಿ ಹೆಂಗಸರನ್ನೆಲ್ಲ ಕರೆಯುವಂತೆ ಅಮ್ಮನನ್ನು 'ಬೆನ್', ಅಂದರೆ ಅಕ್ಕ, ಎಂದು ಕರೆದ.

'ಅಷ್ಟಕ್ಕೆ ಸೀಸೆ ಒಡೆಯೋಕಾಗಲ್ಲ ಬೆನ್. ಒಂದು ಸೀಸೆ ನೂರು ಮರಿಗೆ. ಉಳಿದದ್ದು ಇಡೋಕೂ ಬರಲ್ಲ. ಅಕ್ಕಪಕ್ಕದವರ ಮರಿ ಕೂಡಿಸಿ, ಆಮೇಲೆ ಬನ್ನಿ.'

ಅಮ್ಮ ಅರಿಶಿನ ಕುಂಕುಮಕ್ಕೆ ಕರೆಯುವಂತೆ ಹಿಂದಿನ ಸಾಲಿನ ಪ್ರತಿ ಮನೆಗೂ ಹೋಗಿ ಕರೆದಳು. ಕೆಲವರು ಹೆದರಿದರು. 'ಕಣ್ಣಿಗೆ ಮದ್ದು ಹಾಕಿದರೆ ಕುರುಡಾಗಲ್ಲವಾ?' ಎಂದರು. ಡ್ರೈವರರ ಹೆಂಡತಿ ಅವರನ್ನು ಗದರಿಸಿದಳು. 'ಈ ಮದ್ರಾಸಿ ಬೆನ್ ಕೊಟ್ಟ ಮೊಟ್ಟೆಯಿಂದಲೇ ನಿಮ್ಮ ಮರಿ ಹುಟ್ಟಿದ್ದು. ಅವಳು ಕೊಲ್ಲುತ್ತಾಳಾ?'

ಶನಿವಾರ ಬೆಳಿಗ್ಗೆ ಆಸ್ಪತ್ರೆ ತೆರೆಯುವ ಹೊತ್ತಿಗೆ ಹೋಗಿ, ಥರ್ಮಾಸ್ ಫ್ಲಾಸ್ಕಿನಲ್ಲಿ ಐಸಿನ ಚೂರುಗಳ ನಡುವೆ ಸೀಸೆ ಇಟ್ಟು ತಂದೆವು. ಕಾಂಪೌಂಡರ್ ಮತ್ತೆ ಮತ್ತೆ ಹೇಳಿದ್ದ: 'ನೀರಲ್ಲಿ ಕರಗಿಸಿದ ಮೇಲೆ ಕೂಡಲೇ ಹಾಕಿ ಮುಗಿಸಿ. ಬಿಸಿ ತಾಗಿದರೆ ಅದು ಬರೀ ನೀರು.' ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು.

ಹಿತ್ತಲು ಬುಟ್ಟಿಗಳಿಂದ ತುಂಬಿತ್ತು. ಕಾಯಿಸಿ ಆರಿಸಿದ ನೀರಿನಲ್ಲಿ ಅಮ್ಮ ಮದ್ದು ಕರಗಿಸಿದಳು. ಮದ್ದು ಹಾಕಿದ ಮರಿಯ ನೆತ್ತಿಗೆ ಗುರುತು ಮಾಡಲು ಬಟ್ಟೆಯ ನೀಲಿ ಕಲಸಿಟ್ಟಿದ್ದಳು. ಮೊದಲ ಮರಿಯನ್ನು ನಾನು ಹಿಡಿದೆ. ಕಣ್ಣಿಗೊಂದು ಹನಿ, ಮೂಗಿಗೊಂದು ಹನಿ. ಅದು ತಲೆ ಕೊಡವಿ ಹನಿಯನ್ನೆಲ್ಲ ನನ್ನ ಮುಖಕ್ಕೆ ಎರಚಿತು. ಎಲ್ಲರೂ ನಕ್ಕರು.

ಆಗ ರಾತ್ರಿಪಾಳಿ ಮುಗಿಸಿ ಬಂದ ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

'ಏನಿದು ಸಂತೆ?'

'ಮರಿಗೆ ಮದ್ದು ಹಾಕ್ತಿದೀವಿ.'

'ಈಗಲೇನಾ? ಶನಿವಾರ, ರಾಹುಕಾಲ ಶುರುವಾಯ್ತು. ಒಳ್ಳೇದಾಗಲಿ ಅಂತ ತಾನೇ ಮಾಡೋದು? ಮುಗೀಲಿ, ಆಮೇಲೆ ಹಾಕು.'

'ಕರಗಿಸಿ ಆಗೋಗಿದೆ ಕಣ್ರೀ. ತಡ ಮಾಡಬಾರದಂತೆ.'

'ಕರಗಿಸಿದ್ದು ಎಲ್ಲಿಗೆ ಓಡಿಹೋಗುತ್ತೆ? ಹೋದ ಸಲ ಎಲ್ಲರ ಕೋಳಿಯೂ ಸತ್ತದ್ದು ಸಾಲದಾ?'

ಅಷ್ಟು ಜನರ ಮುಂದೆ ಗಂಡನ ಜೊತೆ ವಾದ ಮಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಹನಿ ಹಾಕುವ ಸೀಸೆಯನ್ನು ತೆರೆದ ಫ್ಲಾಸ್ಕಿನ ಬಾಯಿಗೆ ಇಟ್ಟು, ಮೇಲೊಂದು ಒದ್ದೆ ಬಟ್ಟೆ ಹೊದಿಸಿ, ಎದ್ದು ನಿಂತಳು. 'ಸ್ವಲ್ಪ ಹೊತ್ತು ಕೂತಿರಿ' ಎಂದು ಹೆಂಗಸರಿಗೆ ಸನ್ನೆ ಮಾಡಿದಳು. ಮಾತೆಲ್ಲ ಕನ್ನಡದಲ್ಲಿ ನಡೆದದ್ದರಿಂದ ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ಬಿಸಿಲು ಏರಿತು. ಬುಟ್ಟಿಯೊಳಗೆ ಮರಿಗಳು ಬಾಯಿ ತೆರೆದು ಏದುಸಿರು ಬಿಟ್ಟವು. ಪಾಪವೆಂದು ಎಲ್ಲವನ್ನೂ ಬೇವಿನ ನೆರಳಿನಲ್ಲಿ ಒಂದೇ ದೊಡ್ಡ ಪಂಜರದ ಕೆಳಗೆ ಬಿಟ್ಟರು. ಯಾರ ಮನೆಯದೋ ಒಂದು ಮರಿ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಂತಿತ್ತು. ಅಮ್ಮ ಅದನ್ನು ತೋರಿಸಿ, 'ಇದನ್ನ ದೂರ ಇಡಿ' ಎಂದಳು. 'ನಿದ್ದೆ ಬಂದಿದೆ ಬಿಡು' ಎಂದು ನಕ್ಕರು.

ರಾಹುಕಾಲ ಮುಗಿದಾಗ ಫ್ಲಾಸ್ಕಿನೊಳಗೆ ಐಸು ಇರಲಿಲ್ಲ. ಅಮ್ಮ ಸೀಸೆಯನ್ನು ಕೆನ್ನೆಗೆ ಒತ್ತಿ ನೋಡಿದಳು. ಕೊನೆಯ ಮರಿಯವರೆಗೂ ಹನಿ ಹಾಕಿದಳು, ಚುಕ್ಕೆ ಇಟ್ಟಳು.

ಮುಂದಿನ ವಾರ ಮರಿಗಳು ಸಾಯತೊಡಗಿದವು. ಮೊದಲು ಆ ನಿದ್ದೆಯ ಮರಿ, ಆಮೇಲೆ ಎಲ್ಲರ ಮನೆಯಲ್ಲೂ. ಮದ್ದು ಕೆಟ್ಟಿತ್ತೋ, ಒಂದೇ ಪಂಜರದಲ್ಲಿ ರೋಗ ಹತ್ತಿತೋ, ಹೇಳುವವರು ಯಾರೂ ಇರಲಿಲ್ಲ. ಎಲ್ಲಿ ನೋಡಿದರೂ ನೆತ್ತಿಯಲ್ಲಿ ನೀಲಿ ಚುಕ್ಕೆಯ ಮರಿಗಳು ಕಾಲು ಚಾಚಿ ಬಿದ್ದಿದ್ದವು. ಆ ಚುಕ್ಕೆ ಇಟ್ಟವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಡ್ರೈವರರ ಹೆಂಡತಿ ಮೊರದಲ್ಲಿ ಸತ್ತ ಮರಿಗಳನ್ನು ತಂದು ನಮ್ಮ ಮೆಟ್ಟಿಲ ಮೇಲಿಟ್ಟಳು. ಬೈಯಲಿಲ್ಲ. 'ಅವತ್ತು ನಮ್ಮನ್ನ ಅಷ್ಟು ಹೊತ್ತು ಯಾಕೆ ಕಾಯಿಸಿದೆ ಬೆನ್?' ಎಂದಷ್ಟೇ ಕೇಳಿದಳು.

ಅಪ್ಪ ಒಳಗೆ ಪೇಪರು ಹಿಡಿದು ಕೂತಿದ್ದರು. ಮಾತು ಅವರಿಗೆ ಕೇಳಿಸಿತ್ತು. ಅವರ ಹಿಂದಿ ಚೆನ್ನಾಗಿತ್ತು.

'ಮೇರಿ ಗಲತಿ', ತಪ್ಪು ನನ್ನದು, ಎಂದಳು ಅಮ್ಮ.

ಪೇಪರು ಅಲ್ಲಾಡಲಿಲ್ಲ. ಅವಳು ಮರಿಗಳನ್ನು ಬೇವಿನ ಬುಡದಲ್ಲಿ ಹೂತಳು. ಆಮೇಲೆ ಸಂಜೆ ಕಟ್ಟೆಗೆ ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ಮತ್ತೆ ಕೋಳಿ ಸಾಕಲಿಲ್ಲ. ಅಪ್ಪ ಇರುವವರೆಗೂ, ಅವರು ಹೋದ ಮೇಲೂ, ಆ ಮಾತು ಎತ್ತಲಿಲ್ಲ.

ಅವಳು ಹೋದದ್ದು ಅಹಮದಾಬಾದಿನ ನನ್ನ ಮನೆಯಲ್ಲಿ. ಸೂರತ್‌ನಿಂದ ತಮ್ಮ ಬರುವವರೆಗೆ ಐಸಿನ ಮೇಲೆ ಮಲಗಿಸಿದ್ದೆವು. ಹಲಗೆಯ ಕೆಳಗಿನ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ತಮ್ಮ ಬಂದು ಕಾಲು ಮುಟ್ಟಿದ. ಹೊರಡಬೇಕು ಎನ್ನುವಾಗ ಹಿರಿಯರೊಬ್ಬರು ಗಡಿಯಾರ ನೋಡಿದರು.

'ಈಗ ರಾಹುಕಾಲ ಕಣಮ್ಮ. ಸ್ವಲ್ಪ ಹೊತ್ತು ತಡೆದು ಎತ್ತೋಣ. ಅವಸರ ಏನಿದೆ?'

ಎಲ್ಲರೂ ನನ್ನ ಮುಖ ನೋಡಿದರು.

'ಬೇಡ' ಎಂದೆ. 'ಅಮ್ಮ ಕಾದದ್ದು ಸಾಕು. ಎತ್ತಿ.'